ಅಟ್ಟದ ಮೇಲೆ ಸಿಕ್ಕ ಕೇಪಿನ ಕೋವಿ: ಗುಜರಿಗೂ ಬೇಡ, ಗೋಡೆಗೂ ಬೇಡ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಹೆಂಚು ಇಳಿಸುವಾಗ ಅಟ್ಟದಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಕೋವಿ, ಒಂದು ಕತ್ತಿ ಸಿಕ್ಕಿವೆ. ಕೋವಿ ಅಜ್ಜನದು, ಕೇಪು, ಅಂದ್ರೆ ಸಿಡಿಮದ್ದಿನ ಪುಟ್ಟ ಟೋಪಿ, ಇಟ್ಟು ಹೊಡೆಯುವಂಥದ್ದು. ಕತ್ತಿ ಯಾರದ್ದು ಅಂತ ಗೊತ್ತಿಲ್ಲ. ಅಪ್ಪ ತೀರಿಕೊಂಡು ಆರು ವರ್ಷ ಆಯಿತು, ಲೈಸೆನ್ಸ್ ಪುಸ್ತಕ ಕಾಣುತ್ತಿಲ್ಲ. ಇದು ಟಿಪ್ಪು ಕಾಲದ್ದು, ಲಕ್ಷಗಟ್ಟಲೆ ಬರುತ್ತೆ ಅಂತ ಅಣ್ಣ ಹೇಳ್ತಾನೆ. ಮಕ್ಕಳಿರೋ ಮನೆ, ಗುಜರಿಗೆ ಹಾಕಿ ಅಂತ ಹೆಂಡತಿ ಹೇಳ್ತಾಳೆ. ತುಕ್ಕು ತೆಗೆದು ಹಜಾರದ ಗೋಡೆಗೆ ಹಾಕಬಹುದಾ? ಈಗಿನ ಕಾಲದಲ್ಲಿ ಇಂಥದ್ದನ್ನು ಇಟ್ಟುಕೊಳ್ಳೋದಕ್ಕೆ ಏನಾದರೂ ಅರ್ಥ ಇದೆಯಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಓದುವ ಹೊತ್ತಿಗೆ ಆ ಕೋವಿ ಯಾರ ಕೈಯಲ್ಲಾದರೂ ಇದ್ದರೆ ಕೆಳಗಿಡಲು ಹೇಳಿ. ನಳಿಗೆಯ ಬಾಯಿ ದಪ್ಪ ಮಣ್ಣುಗೋಡೆಯ ಕಡೆಗಿರಲಿ, ಜನ ಓಡಾಡುವ ಕಡೆಗೆ ಬೇಡ. ಕುದುರೆಯನ್ನು, ಅಂದ್ರೆ ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗವನ್ನು, ಎಳೆದು ನೋಡಬೇಡಿ. ಕೋಣೆಗೆ ಬೀಗ ಹಾಕಿ ಬನ್ನಿ. ಟಿಪ್ಪು, ಲಕ್ಷ, ಗುಜರಿ ಎಲ್ಲ ಆಮೇಲೆ.

ಯಾಕೆ ಇಷ್ಟು ಅವಸರ ಅಂದ್ರೆ, ಕೇಪಿನ ಕೋವಿಯಲ್ಲಿ ಈಡು, ಅಂದ್ರೆ ತುಂಬಿಟ್ಟ ಮದ್ದುಗುಂಡು, ಇದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ತೋಟಾ, ಅಂದ್ರೆ ಕಾರ್ಟ್ರಿಜ್, ಹಾಕುವ ಕೋವಿಯಾದರೆ ಮಡಚಿ ನೋಡಿದರಾಯಿತು, ತೋಟಾ ಇದ್ದರೆ ಕಣ್ಣಿಗೇ ಬೀಳುತ್ತೆ. ಇದರಲ್ಲಿ ಎಲ್ಲವೂ ಬಾಯಿಯಿಂದಲೇ ಒಳಗೆ ಹೋಗಬೇಕು. ಮೊದಲು ಮಸಿ ಅನ್ನುವ ಕೋವಿಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ, ಅದರ ಮೇಲೆ ಚರೆ ಅನ್ನುವ ಸಣ್ಣ ಗುಂಡುಗಳೋ ದೊಡ್ಡ ಗುಂಡೋ, ಮತ್ತೆ ನಾರು, ಪ್ರತಿ ಸಲವೂ ಗಜ ಅನ್ನುವ ಉದ್ದ ಸಲಾಕೆ ಹಾಕಿ ಜಡಿಯಬೇಕು, ಜಡಿದಿದ್ದು ನಳಿಗೆಯ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತೆ. ನಮ್ಮ ಅಜ್ಜಂದಿರು ಸಂಜೆ ಗದ್ದೆಗೆ ಹಂದಿ ಬರುತ್ತೆ ಅಂತ ತುಂಬಿಕೊಂಡು ಕಾಯುತ್ತಿದ್ದರು. ಹಂದಿ ಬರದಿದ್ದರೆ ಹಾಗೇ ತಂದು ಗೂಟಕ್ಕೆ ನೇತುಹಾಕುತ್ತಿದ್ದರು. ತುಂಬಿದ್ದನ್ನು ವಾಪಸ್ ತೆಗೆಯುವುದು ದೊಡ್ಡ ರಗಳೆ. ಕೇಪು ತೆಗೆದರೆ ಸಾಕು ಅಂತ ಅವರ ಲೆಕ್ಕ.

ಮಸಿ ಅಂದ್ರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಮೂರರಲ್ಲಿ ಯಾವುದೂ ಕೊಳೆಯುವ ವಸ್ತುವಲ್ಲ. ಒದ್ದೆಯಾಗದಿದ್ದರೆ ಎಷ್ಟು ವರ್ಷವಾದರೂ ಹಾಗೇ ಇರುತ್ತೆ. ಸಕಲೇಶಪುರದ ಕಡೆ ಒಂದು ಮನೆಗೆ ಇಂಥದ್ದೇ ಕೋವಿ ನೋಡಲು ಹೋಗಿದ್ದೆ. 30 ವರ್ಷದಿಂದ ಯಾರೂ ಮುಟ್ಟಿಲ್ಲ ಅಂದರು ಯಜಮಾನರು. ಆದರೆ ಹಿಂದಿನ ದಿನ ಹುಡುಗರು ಅದರ ಕುದುರೆ ಎಳೆದು ಬಿಟ್ಟು ಟಕ್ ಟಕ್ ಅನ್ನಿಸಿ ಆಡಿದ್ದರು. ನಾನು ಪಕ್ಕದಲ್ಲಿ ನಿಂತು ಒಂದು ಸಣ್ಣ ಮರದ ಕೋಲನ್ನು ಮೆಲ್ಲಗೆ ಒಳಗೆ ಬಿಟ್ಟೆ, ಬಾಯಿಯ ಹತ್ತಿರ ಕೋಲಿಗೆ ಗುರುತು ಮಾಡಿ ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ನೋಡಿದೆ. ಕೋಲಿನ ತುದಿ ಕೇಪು ಕೂರುವ ಜಾಗಕ್ಕಿಂತ ನಾಲ್ಕು ಬೆರಳು ಮೊದಲೇ ನಿಂತಿತ್ತು. ಆ ನಾಲ್ಕು ಬೆರಳಿನಲ್ಲಿ ಏನಿದೆ ಅಂತ ಗೊತ್ತಾದಾಗ ಯಜಮಾನರು ಜಗಲಿ ಮೇಲೆ ಕೂತೇಬಿಟ್ಟರು. ಲೈಸೆನ್ಸ್ ಇರುವ ಕೋವಿ ರಿಪೇರಿಯವರು ಬಂದು ಗಜದ ತುದಿಗೆ ತಿರುಪು ಹಾಕಿ ಎಳೆದರು. ಕಂದು ನಾರು ಬಂತು, ಚರೆ ಉದುರಿತು, ಕೊನೆಗೆ ಕಪ್ಪು ಮಸಿ. ಅದರಲ್ಲಿ ಒಂದು ಚಿಟಿಕೆಯನ್ನು ಅಂಗಳದಲ್ಲಿ ಹೆಂಚಿನ ಚೂರಿನ ಮೇಲೆ ಇಟ್ಟು ಕೆಂಡ ಮುಟ್ಟಿಸಿದರು. ಭುಸ್ ಅಂತ ಹತ್ತಿಕೊಂಡಿತು. ಕುದುರೆಯ ಕೆಳಗೆ ಒಂದು ಹಳೇ ಕೇಪು ಇದ್ದಿದ್ದರೆ ಹಿಂದಿನ ದಿನ ಏನಾಗುತ್ತಿತ್ತು ಅಂತ ಇವತ್ತಿಗೂ ನೆನೆಸಿಕೊಳ್ಳುತ್ತೇನೆ.

ನೀವು ಕೋಲು ಹಾಕಿ ನೋಡಲು ಹೋಗಬೇಡಿ. ತುಂಬಿದೆ ಅಂತಲೇ ತಿಳಿದುಕೊಂಡು ಮುಂದಿನ ಕೆಲಸ ಮಾಡಿ.

ಈಗ ನಿಮ್ಮ ಅಣ್ಣನ ಟಿಪ್ಪು ವಿಷಯ. ಅವರು ಬೇಜಾರು ಮಾಡಿಕೊಳ್ಳಬಾರದು, ಹಳೇ ಕೋವಿ ಸಿಕ್ಕ ಸುಮಾರು ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಒಂದು ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋದ ಮೇಲಂತೂ ಜಾಸ್ತಿಯಾಗಿದೆ. ಆದರೆ ಟಿಪ್ಪು ತೀರಿಕೊಂಡಿದ್ದು 1799ರ ಮೇ 4ರಂದು. ಅವನ ಸೈನ್ಯದ ಕೈಯಲ್ಲಿದ್ದದ್ದು ಉರಿಯುವ ಬತ್ತಿ ತಾಗಿಸಿ ಹೊಡೆಯುವ ಬತ್ತಿ ಕೋವಿ, ಚಕಮಕಿ ಕೋವಿ. ಚಕಮಕಿಯಲ್ಲಿ ಕುದುರೆಯ ಬಾಯಲ್ಲಿ ಕಲ್ಲಿನ ಚೂರು ಇರುತ್ತೆ, ಅದು ಉಕ್ಕಿಗೆ ಹೊಡೆದು ಕಿಡಿ ಹಾರಿ, ಬಟ್ಟಲಿನ ಮಸಿ ಹತ್ತಿ, ಅಲ್ಲಿಂದ ಬೆಂಕಿ ಒಳಗೆ ಹೋಗಬೇಕು. ಆ ಹೊಗೆ ಕಂಡೇ ಹಕ್ಕಿ ಹಾರಿಹೋಗುತ್ತೆ. ಇದಕ್ಕೆ ದಾರಿ ಹುಡುಕಿದವನು ಅಲೆಕ್ಸಾಂಡರ್ ಫಾರ್ಸಿತ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ, ಬಾತುಕೋಳಿ ಬೇಟೆಯ ಹುಚ್ಚಿದ್ದವನು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ಮದ್ದನ್ನು ಕೋವಿಗೆ ಅಳವಡಿಸಿ ಅವನು ಪೇಟೆಂಟ್ ಪಡೆದಿದ್ದು 1807ರಲ್ಲಿ. ಅದನ್ನು ಪುಟ್ಟ ತಾಮ್ರದ ಟೋಪಿಯೊಳಗೆ ತುಂಬಿದ ಕೇಪು ಬಳಕೆಗೆ ಬಂದಿದ್ದು 1820ರ ದಶಕದಲ್ಲಿ. ಅಂದ್ರೆ ಕೇಪಿನ ಕೋವಿ ಹುಟ್ಟುವ ಹೊತ್ತಿಗೆ ಟಿಪ್ಪು ಹೋಗಿ 20 ವರ್ಷ ಆಗಿತ್ತು.

ಒಂದೇ ಒಂದು ಸಾಧ್ಯತೆ ಉಳಿಯುತ್ತೆ. ಹಳೇ ಚಕಮಕಿ ಕೋವಿಗಳನ್ನು ಆಮೇಲೆ ಕೇಪಿಗೆ ಬದಲಾಯಿಸಿಕೊಂಡವರು ತುಂಬ ಜನ ಇದ್ದರು. ಹಾಗೆ ಮಾಡಿದ್ದರೆ ಕುದುರೆಯ ಸುತ್ತಲಿನ ಕಬ್ಬಿಣದ ಪಟ್ಟಿಯಲ್ಲಿ ಬಟ್ಟಲು, ಸ್ಪ್ರಿಂಗು ಕೂತಿದ್ದ ಹಳೇ ತಿರುಪಿನ ತೂತುಗಳು ಇರುತ್ತವೆ, ಖಾಲಿಯಾಗಿಯೋ ಮುಚ್ಚಿಯೋ. ಬೆಳಕಿನಲ್ಲಿ ಪಟ್ಟಿಯ ಫೋಟೋ ತೆಗೆದು ನೋಡಿ. ನಳಿಗೆಯ ಕೆಳಭಾಗದಲ್ಲಿ, ಮರ ಸೇರುವ ಕಡೆ, ಸಣ್ಣ ಮುದ್ರೆಗಳೂ ಇರಬಹುದು. ಕಿರೀಟದ ಕೆಳಗೆ ಅಡ್ಡಡ್ಡ ಎರಡು ದಂಡ ಇದ್ದರೆ ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ್ದು, ಅದು ಶುರುವಾಗಿದ್ದೇ 1813ರಲ್ಲಿ. ಮೊಟ್ಟೆ ಆಕಾರದೊಳಗೆ ಇ ಎಲ್ ಜಿ ಅನ್ನುವ ಇಂಗ್ಲಿಷ್ ಅಕ್ಷರ ಇದ್ದರೆ ಬೆಲ್ಜಿಯಮ್ಮಿನ ಲಿಯೇಜ್ ಊರಿನದು. ಯಾವ ಮುದ್ರೆಯೂ ಇಲ್ಲದಿದ್ದರೆ ಇಲ್ಲಿಯವರೇ ಮಾಡಿದ್ದಿರಬಹುದು, ಅದೇನೂ ಕಡಿಮೆಯಲ್ಲ. ಆ ಕೆಲಸಗಾರರ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಅವರ ಕೈಕೆಲಸ ಇಂಥ ಅಟ್ಟಗಳಲ್ಲೇ ಸಿಗಬೇಕು.

ಕತ್ತಿ ನೋಡದೆ ಜಾಸ್ತಿ ಹೇಳಲಾರೆ. ಹಿಡಿಯ ತುದಿಯಲ್ಲಿ ತಟ್ಟೆಯಂಥ ಗುಂಡನೆಯ ಬಿಲ್ಲೆ ಇದ್ದು ಅಲಗು ಬಾಗಿದ್ದರೆ ತಲ್ವಾರ್. ಅಲಗು ನೇರವಾಗಿದ್ದು, ತೆಳು ತಗಡಿನಂತೆ ಉದ್ದಕ್ಕೂ ಒಂದೇ ದಪ್ಪ ಇದ್ದರೆ ವೀರಗಾಸೆಗೋ ದೇವರ ಉತ್ಸವಕ್ಕೋ ಮಾಡಿಸಿದ್ದು ಇರಬಹುದು. ಕಾದಾಟದ ಕತ್ತಿ ಹಿಡಿಯ ಹತ್ತಿರ ದಪ್ಪ ಇದ್ದು ತುದಿಗೆ ಹೋಗ್ತಾ ತೆಳುವಾಗುತ್ತೆ, ಇಲ್ಲದಿದ್ದರೆ ಬೀಸುವ ಕೈ ಸೋತುಹೋಗುತ್ತೆ.

ಈಗ ಒಂದು ಬೇಡಿಕೆ. ದಯವಿಟ್ಟು ಆ ಅಲಗನ್ನು ಮರಳುಕಾಗದದಲ್ಲಿ ಉಜ್ಜಬೇಡಿ. ನಮ್ಮ ಸೀಮೆಯ ಹಳೇ ಉಕ್ಕು ಸಾಮಾನ್ಯದ್ದಲ್ಲ. ನಾವು ಉಕ್ಕು ಅಂದದ್ದೇ ಇಂಗ್ಲಿಷರ ಬಾಯಲ್ಲಿ ವೂಟ್ಜ್ ಆಯಿತು ಅಂತ ತಿಳಿದವರು ಹೇಳುತ್ತಾರೆ. ಟಿಪ್ಪು ಹೋದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತುವಾಗ ಮಾಗಡಿ ಕಡೆ ಉಕ್ಕು ಮಾಡುವವರನ್ನು ಕಂಡು ವಿವರವಾಗಿ ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಒಂದು ಕಬ್ಬಿಣದ ತುಂಡು, ಜೊತೆಗೆ ಮೂರು ರೂಪಾಯಿ ನಾಣ್ಯದಷ್ಟು ತೂಕದ ತಂಗಡಿ ಕಡ್ಡಿ, ಎರಡು ಹಸಿ ಎಲೆ, ಮೇಲೆ ಮಣ್ಣು ಮೆತ್ತಿ ಬಾಯಿ ಮುಚ್ಚಿ ಕುಲುಮೆಗೆ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುತ್ತಲ್ಲ, ಆವರಿಕೆ ಅಂತಲೂ ಕರೀತಾರೆ, ಅದೇ ತಂಗಡಿ. ಆ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಇದರ ಗುಟ್ಟು ತಿಳಿಯಲು ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಕೆಲಸಕ್ಕೆ ಹೆಸರಾಗುವ ಮೊದಲು, ಲಂಡನ್ನಿನಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿದ. ಇಂಥ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಇರುತ್ತೆ, ಅದು ಅಲಗಿನ ಮೇಲ್ಮೈಯಲ್ಲಿ ಮಾತ್ರ ಕಾಣೋದು. ಗ್ರೈಂಡರ್ ಹಿಡಿದರೆ ಹತ್ತು ನಿಮಿಷದಲ್ಲಿ ಹೋಗುತ್ತೆ. ಆಮೇಲೆ ಅದು ಯಾವ ಉಕ್ಕು ಅಂತ ಬರೀ ಕಣ್ಣಿನಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ.

ಹುಣಸೆಹಣ್ಣು, ನಿಂಬೆ, ಬೂದಿ ಯಾವುದೂ ಬೇಡ. ಬಿಸಿನೀರಿನಲ್ಲಿ ಅದ್ದಬೇಡಿ, ಒಲೆಯ ಹತ್ತಿರ ಒಣಗಿಸಬೇಡಿ. ತಲ್ವಾರಿನ ಹಿಡಿಯೊಳಗೆ ಅಲಗನ್ನು ಕೂರಿಸುವುದು ಅರಗಿನಲ್ಲಿ, ಬಿಸಿ ತಾಗಿದರೆ ಅರಗು ಕರಗಿ ಹಿಡಿ ಕಳಚಿಬರುತ್ತೆ. ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ, ಹತ್ತಿ ಬಟ್ಟೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಅಷ್ಟೇ. ಬರಿಗೈಯಲ್ಲಿ ಅಲಗು ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತೆ. ಚರ್ಮದ ಒರೆ ಇದ್ದರೆ ಕತ್ತಿಯನ್ನು ಹೊರಗೆ ತೆಗೆದು ಬೇರೆ ಇಡಿ. ನಿಮ್ಮ ಊರಿನ ಮಳೆಗಾಲದಲ್ಲಿ ಚರ್ಮ ನೀರು ಕುಡಿದ ಹಾಗೆ ತೇವ ಹಿಡಿದುಕೊಳ್ಳುತ್ತೆ. ಆಯುಧಪೂಜೆಗೆ ಇಡುವುದಾದರೆ ಖಂಡಿತ ಇಡಿ, ಕುಂಕುಮ ಮಾತ್ರ ಅಲಗಿಗೆ ಬೇಡ, ಕೆಳಗಿನ ಮಣೆಗೆ ಹಚ್ಚಿ. ಒದ್ದೆ ಕುಂಕುಮದ ಬೊಟ್ಟು ಒಂದು ವರ್ಷ ಹಾಗೇ ಉಳಿದು, ಉಕ್ಕಿನಲ್ಲಿ ಕಾಸಿನಗಲ ಗುಳಿ ತಿಂದಿದ್ದನ್ನು ನಾನೇ ನೋಡಿದ್ದೇನೆ.

ಕೋವಿಗೆ ಈ ಶುದ್ಧಿ ಕೆಲಸವೂ ಈಗ ಬೇಡ. ಈಡು ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ.

ಇನ್ನು ಕಾಗದದ ಮಾತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ಕೋವಿಯ ಕತೆ ಅರ್ಧ ಕಬ್ಬಿಣದಲ್ಲಿದ್ದರೆ ಇನ್ನರ್ಧ ಕಾಗದದಲ್ಲಿರುತ್ತೆ. ಯಾರು ಆಯುಧ ಇಟ್ಟುಕೊಳ್ಳಬಹುದು, ಯಾರು ಕೊಟ್ಟುಬಿಡಬೇಕು ಅಂತ ಬರೆದ ಕಾಗದ. ಅದರ ಹಿಂದೆ ನಮ್ಮ ನೆಲದಲ್ಲೇ ರಕ್ತ ಬಿದ್ದಿದೆ. 1857ರ ದಂಗೆಯ ವರ್ಷ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂತ ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಅನ್ನ, ಆಯುಧ ಅವರ ಮರ್ಯಾದೆ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸಿಕ್ಕವರಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಜನರ ಕಣ್ಣೆದುರೇ ಗಲ್ಲಿಗೇರಿಸಿದರು. ಜಡಗ, ಬಾಲ ಅನ್ನುವ ಹೆಸರುಗಳನ್ನು ಆ ಕಡೆ ಲಾವಣಿ ಕಟ್ಟಿ ಹಾಡುತ್ತಾರೆ. ಆಯುಧ ಕೊಡಿ ಅಂದ ಒಂದು ಕಾಗದಕ್ಕಾಗಿ ಒಂದು ಊರು ಸುಟ್ಟುಹೋಯಿತು. ಇದನ್ನು ಓದಿದಾಗೆಲ್ಲ ನನಗೆ ಸಂಕಟ ಆಗುತ್ತೆ.

ಅದೇ ಇಂಗ್ಲಿಷರ ಆಳ್ವಿಕೆ ನಾಲ್ಕು ವರ್ಷ ಕಳೆದು 1861ರಲ್ಲಿ ಕೊಡಗಿನವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ನಂಬಿಕೆಗೆ ಉಡುಗೊರೆ ಅಂತ. ಬೇಡರಿಗೆ ಗಲ್ಲು, ಕೊಡವರಿಗೆ ವಿನಾಯಿತಿ. ಕೊಡವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಕಾನೂನು ಬರೆದವರ ಲೆಕ್ಕಾಚಾರ ಹಾಗಿತ್ತು. 1878ರಲ್ಲಿ ಇಡೀ ದೇಶಕ್ಕೆ ಆಯುಧ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ ಅದರ ಜಾಗಕ್ಕೆ ಬಂತು. ಕೊಡವರ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರ ವಿನಾಯಿತಿ ಇವತ್ತಿಗೂ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, ನಮ್ಮ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಅಂದ್ರೆ ಲೆಕ್ಕವೇ ಇಲ್ಲ ಅಂತಲ್ಲ, ಅಲ್ಲೂ ವಿನಾಯಿತಿ ಪತ್ರ ಅಂತ ತೆಗೆದುಕೊಳ್ಳಬೇಕು.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಅನ್ನುವ ಆಯುಧಪೂಜೆಯ ಹಬ್ಬ ನಡೆಯುವಾಗ ಒಂದು ಮನೆಗೆ ಹೋಗಿ ನೋಡಿ. ನಾಟಿ ಕೆಲಸ ಮುಗಿದಿರುತ್ತೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ದೇವರ ಕೋಣೆಯಲ್ಲಿ ಸಾಲಾಗಿಟ್ಟು, ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿರುತ್ತಾರೆ, ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಎಸಳಿನ ಕಾಡು ಹೂ. ಮನೆಯ ಮಕ್ಕಳಿಗೆಲ್ಲ ಗೊತ್ತು, ಯಾವ ಕೋವಿ ಯಾರದು, ಎಲ್ಲಿರುತ್ತೆ, ಯಾರು ಮುಟ್ಟಬಹುದು ಅಂತ. ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸುತ್ತಾರೆ, ಸಾವಾದರೆ ಎರಡು, ಪುತ್ತರಿ ಅನ್ನುವ ಸುಗ್ಗಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಒಂದು. ನೀವು ಕೇಳಿದ ಪ್ರಶ್ನೆಗೆ, ಈಗಿನ ಕಾಲದಲ್ಲಿ ಇದಕ್ಕೇನರ್ಥ ಅಂದಿರಲ್ಲ, ನನಗೆ ಕಂಡ ಒಳ್ಳೇ ಉತ್ತರ ಅಲ್ಲಿದೆ. ಆಯುಧ ಅಲ್ಲಿ ಮುಚ್ಚಿಟ್ಟ ವಸ್ತುವಲ್ಲ, ಊರಿಗೆಲ್ಲ ಲೆಕ್ಕ ಗೊತ್ತಿರುವ ವಸ್ತು. ಅಟ್ಟದಲ್ಲಿ ಗೋಣಿಯೊಳಗೆ ಸುತ್ತಿಟ್ಟು, ಯಾರದು, ತುಂಬಿದೆಯಾ ಇಲ್ಲವಾ, ಕಾಗದ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲದ ಕೋವಿಯೇ ಅಪಾಯ.

ನಿಮಗೆ ವಿನಾಯಿತಿ ಇಲ್ಲ. ಹಾಗಾಗಿ ನೇರವಾಗಿ ಹೇಳುತ್ತೇನೆ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು, ಆಯುಧ ಕಾಯ್ದೆಯ 21ನೇ ಕಲಮು ಇದನ್ನೇ ಹೇಳುತ್ತೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಅಪರಾಧ, 2019ರ ತಿದ್ದುಪಡಿಯ ಮೇಲೆ ಶಿಕ್ಷೆ ಎರಡರಿಂದ ಐದು ವರ್ಷ. ಹೆದರಬೇಡಿ, ಮೊನ್ನೆ ತಾನೇ ಸಿಕ್ಕಿದೆ, ಮುಚ್ಚಿಡುತ್ತಿಲ್ಲ ಅಂತ ನೀವೇ ಹೇಳಿಕೊಂಡು ಹೋಗುವುದಕ್ಕೂ ಯಾರೋ ದೂರು ಕೊಟ್ಟು ಸಿಕ್ಕಿಬೀಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಹೊರಡುವ ಮೊದಲು ಒಬ್ಬ ವಕೀಲರ ಹತ್ತಿರ ಮಾತಾಡಿ, ಸಿಕ್ಕಿದ ದಿನ, ಜಾಗ, ಅಪ್ಪ ತೀರಿಕೊಂಡ ದಿನ ಬರೆದು ಅರ್ಜಿ ಮಾಡಿಕೊಳ್ಳಿ. ಕೋವಿಯನ್ನು ಬೈಕಿನಲ್ಲಿ ಕಟ್ಟಿಕೊಂಡು ಹೋಗಬೇಡಿ. ಬರೀ ಅರ್ಜಿ, ಫೋಟೋ ಹಿಡಿದು ಹೋಗಿ ಹೇಗೆ ತರಬೇಕು ಅಂತ ಕೇಳಿ. ಈಡು ಇರಬಹುದು ಅನ್ನುವುದನ್ನೂ ಅಲ್ಲೇ ಹೇಳಿಬಿಡಿ.

ಹಳೇ ಕಾಲದ್ದಲ್ವಾ, ಕಾಯ್ದೆ ಅನ್ವಯ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಒಂದು ಕಲಮು ಇದೆ ನಿಜ, 45ನೆಯದು. ಆದರೆ ಅದು ರಿಪೇರಿ ಮಾಡಿದರೂ ಹಾರಿಸಲು ಆಗದ ಆಯುಧಕ್ಕೆ. ಕೇಪಿನ ಕೋವಿಯನ್ನು ಅರ್ಧ ದಿನದಲ್ಲಿ ರಿಪೇರಿ ಮಾಡಿಬಿಡುತ್ತಾರೆ. ಆ ತೀರ್ಮಾನ ನಿಮ್ಮದಲ್ಲ.

ಒಪ್ಪಿಸಿದ ಮಾತ್ರಕ್ಕೆ ಕೋವಿ ಕೈಬಿಟ್ಟಂತೆ ಅಲ್ಲ. 2016ರ ಆಯುಧ ನಿಯಮಗಳಲ್ಲಿ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಲು ಅವಕಾಶ ಇದೆ. ಮರಣಪತ್ರ, ವಂಶವೃಕ್ಷ, ನಿಮ್ಮ ಅಣ್ಣನ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಗದ್ದೆ ತೋಟ ಇದ್ದರೆ ಇನ್ನೂ ಒಂದು ಬಲ ಇದೆ, ಬೆಳೆ ಕಾಯಲು ನಿಜವಾಗಿ ಬೇಕು ಅನ್ನುವವರಿಗೆ ಬಾಯಿಂದ ತುಂಬುವ ಕೋವಿಯ ಲೈಸೆನ್ಸ್ ಕೊಡುವ ಮಾತನ್ನು ಕಾಯ್ದೆಯೇ ಎತ್ತಿ ಹೇಳಿದೆ. ಬೆಳೆ ಕಾಯುವ ಲೈಸೆನ್ಸ್ ಅಂದ್ರೆ ಬೇಟೆಗೆ ಅನುಮತಿ ಅಲ್ಲ, 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ಇನ್ನು ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಇಟ್ಟುಬನ್ನಿ ಅನ್ನುವ ತಾಪತ್ರಯ ಮಲೆನಾಡಿನವರಿಗೆ ಹೊಸದೇನಲ್ಲ. ಯಾರು ಇಡಬೇಕು ಅಂತ ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರದೂ ನೋಡಿ ಹೇಳಬೇಕು, ಬೆಳೆ ನಿಂತಿದೆ ಅಂತ ಬರೆದು ಕೊಟ್ಟು ವಿನಾಯಿತಿ ಕೇಳಬಹುದು.

ಕತ್ತಿಗೆ ಇಷ್ಟು ಕಷ್ಟ ಇಲ್ಲ. ಸರ್ಕಾರ ಗುರುತಿಸಿ ಆದೇಶ ಹೊರಡಿಸಿದ ಪ್ರದೇಶಗಳಲ್ಲಿ ಮಾತ್ರ ಕತ್ತಿಗೂ ಲೈಸೆನ್ಸ್ ಬೇಕು, ನಿಮ್ಮ ಕಡೆ ಹಾಗೇನಾದರೂ ಇದೆಯಾ ಅಂತ ಠಾಣೆಯಲ್ಲಿ ಅದೇ ದಿನ ಕೇಳಿ. ನೂರು ವರ್ಷ ದಾಟಿದ್ದರೆ ಅದು ಪುರಾತನ ವಸ್ತು, ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ವಿದೇಶದಲ್ಲಿರುವ ನೆಂಟರು ಸೂಟ್‌ಕೇಸಿನಲ್ಲಿ ಒಯ್ಯುತ್ತೇನೆ ಅಂದರೂ ಬೇಡ ಅನ್ನಿ.

ನಿಮ್ಮ ಮನೆಯವರ ಭಯ ನೂರಕ್ಕೆ ನೂರು ಸರಿ. ಗೋಡೆಗೆ ನೇತುಹಾಕುವ ಆಸೆ ಬಿಡಿ, ಮಕ್ಕಳ ಕೈಗೆ ಸಿಗುವ ಕಡೆ ಕೋವಿ ಬೇಡವೇ ಬೇಡ. ಆದರೆ ಗುಜರಿ ಉತ್ತರ ಅಲ್ಲ. ಲೈಸೆನ್ಸ್ ಇಲ್ಲದವರಿಗೆ ಕೋವಿ ಮಾರುವುದೇ ಅಪರಾಧ, ಅದು ಯಾರ ಕೈ ಸೇರುತ್ತೋ ಯಾರಿಗೆ ಗೊತ್ತು. ನಿಮ್ಮ ಪಕ್ಕದ ಹೊಸನಗರ ತಾಲ್ಲೂಕಿನ ನಗರದ ಕತೆ ಮನೆಯವರಿಗೆ ಹೇಳಿ. 2018ರಲ್ಲಿ ಅಲ್ಲಿ ಒಂದು ಪಾಳುಬಾವಿ ಅಗೆದಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಮಣ್ಣಿಗೆ ಮದ್ದಿನ ವಾಸನೆ ಇತ್ತು ಅಂತ ಅಗೆದವರು ಹೇಳಿದ್ದರು. ಅವು ಮೈಸೂರಿನ ರಾಕೆಟ್ಟುಗಳು, ಇಂಗ್ಲಿಷರು ಇಲ್ಲಿ ಪೆಟ್ಟು ತಿಂದು ಆಮೇಲೆ ತಮ್ಮ ದೇಶದಲ್ಲಿ ಅದನ್ನೇ ನೋಡಿ ಹೊಸದು ಮಾಡಿಕೊಂಡರಲ್ಲ, ಆ ರಾಕೆಟ್ಟು. ಗುಜರಿಯವರು ಮೊದಲು ಬಂದಿದ್ದರೆ ಕಿಲೋ ಲೆಕ್ಕದಲ್ಲಿ ಹೋಗುತ್ತಿತ್ತು. ಈಗ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹದಲ್ಲಿವೆ, ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಕತ್ತಿ ಬೇಡ ಅಂತ ತೀರ್ಮಾನಿಸಿದರೆ ಅಲ್ಲೇ ವಿಚಾರಿಸಬಹುದು.

ಲೈಸೆನ್ಸ್ ಪುಸ್ತಕ ಇನ್ನೊಮ್ಮೆ ಹುಡುಕಿ. ಬೀರುವಿನಲ್ಲಿ ಅಲ್ಲ, ಅಜ್ಜನ ಪೆಟ್ಟಿಗೆಯಲ್ಲಿ ಕಂದಾಯದ ರಸೀದಿ, ಹಳೇ ಪಹಣಿಗಳ ಕಟ್ಟಿನೊಳಗೆ ನೋಡಿ. ನಾನು ಕಂಡ ಮನೆಗಳಲ್ಲಿ ಅದು ಸಿಕ್ಕಿದ್ದು ಹೆಚ್ಚಾಗಿ ಅಲ್ಲೇ. ಮೂಲೆ ಮಡಚಿದ ಸಣ್ಣ ಪುಸ್ತಕ, ಒಳಗೆ ವರ್ಷ ವರ್ಷದ ನವೀಕರಣದ ಸೀಲುಗಳು. ಕೋವಿಯ ವಿವರದ ಜಾಗದಲ್ಲಿ ನಂಬರ್ ಇದ್ದರೆ ನಳಿಗೆಯ ಮೇಲಿನ ನಂಬರಿಗೆ ತಾಳೆ ನೋಡಿ. ಸಿಗದಿದ್ದರೂ ಠಾಣೆಯ ರಿಜಿಸ್ಟರಿನಲ್ಲೋ ಜಿಲ್ಲಾಧಿಕಾರಿ ಕಚೇರಿಯಲ್ಲೋ ಅಜ್ಜನ ಹೆಸರು ಇರಬಹುದು, ಊರು ಮತ್ತು ಸುಮಾರಾದ ವರ್ಷ ಹೇಳಿ ಹುಡುಕಿಸಿ. ಈ ವಾರವೇ ಹೋಗಿ.